ಕಂಪ್ರೆಸರ್ ಹೋಗ್ಯದ್ರಿ!

ಕಲಬುರಗಿಯಲ್ಲಿ ಏಪ್ರಿಲ್ ತಿಂಗಳ ರಾತ್ರಿ, ಊಟ ಮುಗಿಸಿ ಓಣಿಯಲ್ಲಿ ಒಂದು ಸುತ್ತು ಹಾಕಿ ಬನ್ನಿ. ಯಾರ ಮನೆಯಲ್ಲಿ ನೆಮ್ಮದಿ ಇದೆ, ಯಾರ ಮನೆಗೆ ಸದ್ಯದಲ್ಲೇ ಖರ್ಚು ಬರಲಿದೆ ಎಂಬುದು ಬಾಗಿಲು ಬಡಿಯದೆಯೇ ತಿಳಿಯುತ್ತದೆ. ಗೋಡೆಗೆ ಹೊಡೆದ ಕಬ್ಬಿಣದ ಸ್ಟ್ಯಾಂಡಿನ ಮೇಲೆ, ಬಾಲ್ಕನಿಯ ಮೂಲೆಯಲ್ಲಿ, ಮಾಳಿಗೆಯ ನೀರಿನ ಟಾಕಿಯ ಪಕ್ಕದಲ್ಲಿ ಕೂತ ಎಸಿಯ ಬಿಳಿ ಡಬ್ಬಿಗಳು ಒಳಗಿನ ಸುದ್ದಿಯನ್ನೆಲ್ಲ ಬೀದಿಗೆ ಹೇಳುತ್ತಿರುತ್ತವೆ. ಬ್ಯಾಂಕಿನವರ ಮನೆಯದು ಹೊಸ ಇನ್ವರ್ಟರ್ ಎಸಿ. ಅದು ನಡೆಯುತ್ತಿದೆಯೋ ಇಲ್ಲವೋ ತಿಳಿಯಬೇಕಾದರೆ ಕೆಳಗೆ ನಿಂತು ಬಿಸಿಗಾಳಿ ಮುಖಕ್ಕೆ ಬಡಿಯುವುದನ್ನು ಕಾಯಬೇಕು. ಅದರಾಚೆಯ ಕಂಟ್ರಾಕ್ಟರರದು ಹಳೆಯದು. ಶುರುವಾಗುವಾಗ ಕಿಟಕಿಯ ಗಾಜು ಒಮ್ಮೆ ಝಲ್ಲೆನ್ನುತ್ತದೆ. ಮೂಲೆಮನೆಯ ನಿವೃತ್ತ ಹೆಡ್‌ಮಾಸ್ತರರ ಗೋಡೆಯಿಂದ ಈಚೆಗೆ ಹೊಸ ಸದ್ದು ಕೇಳಿಸುತ್ತಿದೆ. ‘ಗುಂಯ್’ ಎಂದು ಕೆಲವು ಸೆಕೆಂಡು ನರಳಿ ‘ಟಕ್’ ಎಂದು ಬಂದ್. ಎರಡು ಮೂರು ನಿಮಿಷ ಬಿಟ್ಟು ಮತ್ತೆ ಗುಂಯ್, ಮತ್ತೆ ಟಕ್. ಹಾದುಹೋಗುವಾಗಲೆಲ್ಲ ನಾನು ತಲೆಯಾಡಿಸುತ್ತೇನೆ. ನಮ್ಮಪ್ಪ ಊರಲ್ಲಿ ಮನೆಯ ಕಟ್ಟೆಯ ಮೇಲೆ ಕೂತೇ ಹೊಲದ ಬಾವಿಯ ಪಂಪ್‌ಸೆಟ್ಟಿನ ಸದ್ದು ಆಲಿಸಿ, “ನೀರ ಎಳೀಲಕತ್ತಿಲ್ಲ, ಗಾಳಿ ಹಿಡದದ” ಅನ್ನುತ್ತಿದ್ದರು. ಮಗನಿಗೆ ಹೊಲ ಉಳಿಯಲಿಲ್ಲ, ಕಿವಿ ಉಳಿದಿದೆ.

ನಮ್ಮೂರಿಗೆ ಎರಡೇ ಕಾಲ, ಒಂದು ಬೇಸಿಗೆ, ಇನ್ನೊಂದು ಕಡುಬೇಸಿಗೆ ಎಂಬ ಮಾತು ಎಷ್ಟು ಹಳೆಯದೆಂದರೆ, ಅದಕ್ಕೆ ಈಗ ಬೆಂಗಳೂರಿನವರೂ ನಗುವುದಿಲ್ಲ. 2024ರಲ್ಲಿ ಅಲ್ಲಿಯೂ ಪಾದರಸ 38 ಡಿಗ್ರಿ ದಾಟಿದಾಗ ಅಲ್ಲಿನ ನೆಂಟರು ಫೋನ್ ಮಾಡಿ, “ಎಷ್ಟು ಟನ್ನಿಂದು ತಗೋಬೇಕು?” ಎಂದು ನನ್ನನ್ನು ವಿಚಾರಿಸಿದರು. ಅಷ್ಟು ವರ್ಷ ನಮ್ಮ ಮನೆಗೆ ಬರಲು ಬೇಸಿಗೆ ರಜೆ ಬಿಟ್ಟು ಬೇರೆಲ್ಲ ರಜೆ ಹುಡುಕುತ್ತಿದ್ದವರು. ಇಲ್ಲಿಯ ಬಿಸಿಲು ಸರ್ಕಾರದ ವೇಳಾಪಟ್ಟಿಯನ್ನೇ ತಿದ್ದಿಸಿದ ಬಿಸಿಲು. ಏಪ್ರಿಲ್, ಮೇ ತಿಂಗಳಲ್ಲಿ ನಮ್ಮ ಭಾಗದ ಕಚೇರಿಗಳು ಬೆಳಗ್ಗೆ 8ಕ್ಕೆ ತೆರೆದು ಮಧ್ಯಾಹ್ನ 1.30ಕ್ಕೆ ಮುಚ್ಚುತ್ತವೆ. ಆಮೇಲೆ ಊರೆಲ್ಲ ಕದ ಹಾಕಿಕೊಂಡು ಶಹಾಬಾದ್ ಕಲ್ಲಿನ ನೆಲಕ್ಕೆ ನೀರು ಸುರಿದು ಬರಿ ನೆಲದ ಮೇಲೆ ಮಲಗುವ ಕಾಲ ಒಂದಿತ್ತು. ಅದರ ನಂತರ ಕೂಲರ್ ಬಂತು. ಕೂಲರಿನೊಳಗೆ ಗುಟ್ಟೆಂಬುದಿಲ್ಲ. ಒಂದು ಪಂಖ, ಒಂದು ಸಣ್ಣ ನೀರಿನ ಪಂಪು, ಮೂರು ಬದಿಗೆ ಹುಲ್ಲಿನ ಪ್ಯಾಡು. ಕೆಟ್ಟರೆ ಮನೆಯ ಚಿಕ್ಕ ಹುಡುಗನೂ ಬಗ್ಗಿ ನೋಡಿ, “ಪಂಪ್ ನಿಂತದ” ಎಂದು ಹೇಳಬಲ್ಲ. ಎಸಿ ಹಾಗಲ್ಲ. ಅದು ಕೆಟ್ಟಿದ್ದು ನಮಗೆ ಗೊತ್ತಾಗುವುದು ಯಾವಾಗಲೂ ಮೂರನೆಯವರು ಬಂದು ಹೇಳಿದ ಮೇಲೆ, ಅವರು ಹೇಳುವುದೂ ಯಾವಾಗಲೂ ಒಂದೇ ಮಾತು: “ಕಂಪ್ರೆಸರ್ ಹೋಗ್ಯದ್ರಿ.”

ಈ ಒಂದು ಮಾತಿಗೆ ಹತ್ತು ಸಾವಿರ ರೂಪಾಯಿಗೂ ಮೇಲಿನ ತೂಕವಿದೆ. ಅದು ನಿಜವೋ ಸುಳ್ಳೋ ಎಂದು ತೀರ್ಮಾನಿಸುವ ಮೊದಲು, ಹೋಯಿತೆನ್ನಲಾದ ಆ ಕಂಪ್ರೆಸರ್ ಇದ್ದಾಗ ಏನು ಮಾಡುತ್ತಿತ್ತು ಎಂಬುದನ್ನಾದರೂ ತಿಳಿದಿರಬೇಕಲ್ಲ.

ಎಸಿ ತಂಪನ್ನು ತಯಾರಿಸುತ್ತದೆ ಎಂದೇ ನಮ್ಮ ಮನೆಯಲ್ಲಿ ಎಲ್ಲರ ನಂಬಿಕೆ. ಅದು ತಯಾರಿಸುವುದು ಏನನ್ನೂ ಅಲ್ಲ. ಕೋಣೆಯ ಧಗೆಯನ್ನು ಹೊತ್ತು ಹೊರಗೆ ಒಗೆಯುವುದಷ್ಟೇ ಅದರ ಕೆಲಸ. ಒಳಗಿನ ಡಬ್ಬಿಯ ತಾಮ್ರದ ಸುರುಳಿಯಲ್ಲಿ ಗ್ಯಾಸು ದ್ರವದಿಂದ ಆವಿಯಾಗುತ್ತ ಕೋಣೆಯ ಶಾಖವನ್ನು ಹೀರುತ್ತದೆ. ಆ ಆವಿಯನ್ನು ದಪ್ಪ ಪೈಪಿನಲ್ಲಿ ಎಳೆದುಕೊಂಡು ಒತ್ತಿ ಹಿಂಡುವುದು ಹೊರಗಿನ ಡಬ್ಬಿಯಲ್ಲಿರುವ ಕಂಪ್ರೆಸರ್. ಒತ್ತಿದಾಗ ಆವಿ ಎಪ್ಪತ್ತು ಎಂಬತ್ತು ಡಿಗ್ರಿಗೆ ಕಾಯುತ್ತದೆ. ಅಷ್ಟು ಕಾದರೆ ಮಾತ್ರ ಅದು ತನ್ನ ಶಾಖವನ್ನು 43 ಡಿಗ್ರಿಯ ಕಲಬುರಗಿ ಗಾಳಿಗೆ ಕೊಡಬಲ್ಲದು. ಶಾಖ ಹೆಚ್ಚಿದ್ದಲ್ಲಿಂದ ಕಡಿಮೆ ಇದ್ದಲ್ಲಿಗೇ ಹರಿಯಬೇಕು, ಅದಕ್ಕೆ ಬೇರೆ ದಾರಿ ಗೊತ್ತಿಲ್ಲ. ಶಾಖ ಕಳಕೊಂಡ ಗ್ಯಾಸು ಮತ್ತೆ ದ್ರವವಾಗಿ, ಸಣ್ಣ ನಳಿಕೆಯೊಂದರಲ್ಲಿ ಹಾದು ಒತ್ತಡ ಇಳಿಸಿಕೊಂಡು, ತಣ್ಣಗಾಗಿ ಒಳಗೆ ಬರುತ್ತದೆ. ಕೋಣೆಯಲ್ಲಿ ಮಲಗಿದವರು ಹೊಗಳುವುದು ತಲೆಯ ಮೇಲಿನ ಬಿಳಿ ಡಬ್ಬಿಯನ್ನು. ಅದರಲ್ಲಿರುವುದು ಬರೇ ಸುರುಳಿ ಮತ್ತು ಪಂಖ. ಮೈಮುರಿದು ದುಡಿಯುವವನು ಹೊರಗೆ ಬಿಸಿಲಲ್ಲಿ ನಿಂತಿರುತ್ತಾನೆ. ಈ ವ್ಯವಸ್ಥೆ ನಮಗೆ ಹೊಸದೇನಲ್ಲ ಬಿಡಿ.

ಟನ್ ಎಂದು ಎಲ್ಲರೂ ಹೇಳುತ್ತಾರೆ. ಡಬ್ಬಿಯ ತೂಕವೇ ಅದು ಎಂದುಕೊಂಡವರನ್ನೂ ನಾನು ಕಂಡಿದ್ದೇನೆ. ಅದು ಮಂಜುಗಡ್ಡೆಯ ಲೆಕ್ಕ. ಅಮೆರಿಕದ ಒಂದು ಟನ್, ಅಂದರೆ 2,000 ಪೌಂಡ್ ಮಂಜುಗಡ್ಡೆ 24 ತಾಸಿನಲ್ಲಿ ಕರಗುವಾಗ ಎಷ್ಟು ಶಾಖ ಹೀರುತ್ತದೋ ಅಷ್ಟನ್ನು ಹೊತ್ತು ಹಾಕುವ ಯಂತ್ರ ಒಂದು ಟನ್ನಿನದು. ನಮ್ಮ ಮಲಗುವ ಕೋಣೆಯ ಒಂದೂವರೆ ಟನ್ನಿನ ಎಸಿ ಇಡೀ ದಿನ ನಡೆದರೆ ಸುಮಾರು 1,360 ಕಿಲೋ ಮಂಜುಗಡ್ಡೆಯ ಕೆಲಸ ಮಾಡಿದಂತಾಯಿತು. ಹಿಂದೆ ನಿಜವಾದ ಮಂಜುಗಡ್ಡೆಯೇ ಬರುತ್ತಿತ್ತು. ಬಾಸ್ಟನ್ನಿನ ಫ್ರೆಡರಿಕ್ ಟ್ಯೂಡರ್ ಎಂಬ ವ್ಯಾಪಾರಿ ಅಲ್ಲಿಯ ಕೆರೆಗಳಲ್ಲಿ ಹೆಪ್ಪುಗಟ್ಟಿದ ನೀರನ್ನು ಕೊಯ್ದು, ಹೊಟ್ಟಿನಲ್ಲಿ ಮುಚ್ಚಿ, ಹಡಗಿನಲ್ಲಿ 1833ರಲ್ಲಿ ಕಲ್ಕತ್ತೆಗೆ ಕಳಿಸಿದ. ದಾರಿಯಲ್ಲಿ ಬೇಕಾದಷ್ಟು ಕರಗಿಯೂ ಲಾಭವಾಗುವಷ್ಟು ಉಳಿಯಿತು. ಮದರಾಸಿನಲ್ಲಿ ಆ ಗಡ್ಡೆಗಳಿಗಾಗಿ ಕಟ್ಟಿದ ಐಸ್ ಹೌಸ್ ಇಂದಿಗೂ ಸಮುದ್ರದ ದಂಡೆಯಲ್ಲಿದೆ. 1897ರಲ್ಲಿ ವಿದೇಶದಿಂದ ಮರಳಿದ ಸ್ವಾಮಿ ವಿವೇಕಾನಂದರು ಅಲ್ಲಿ ತಂಗಿದ್ದರಿಂದ ಈಗ ಅದು ಅವರ ಹೆಸರಿನಲ್ಲಿದೆ. ಇನ್ನು ಎಸಿಯ ಮೂಲಪುರುಷ ವಿಲ್ಲಿಸ್ ಕ್ಯಾರಿಯರ್ 1902ರಲ್ಲಿ ತನ್ನ ಯಂತ್ರವನ್ನು ರೂಪಿಸಿದ್ದು ಮನುಷ್ಯರಿಗಾಗಿ ಅಲ್ಲವೇ ಅಲ್ಲ. ನ್ಯೂಯಾರ್ಕಿನ ಬ್ರೂಕ್ಲಿನ್ನಿನ ಮುದ್ರಣಾಲಯವೊಂದರಲ್ಲಿ ತೇವಕ್ಕೆ ಕಾಗದ ಹಿಗ್ಗಿ ಕುಗ್ಗಿ ಬಣ್ಣಗಳು ಅತ್ತಿತ್ತ ಸರಿಯುತ್ತಿದ್ದವು. ಅದನ್ನು ತಡೆಯಲು ಆತ ಹವೆಯ ಪಸೆ ತೆಗೆದ. ಕಾಗದಕ್ಕೆ ಸಿಕ್ಕ ಸುಖ ಮನುಷ್ಯನಿಗೆ ಸಿಗಲು ಇನ್ನೂ ಕಾಲ ಹಿಡಿಯಿತು. ನಮ್ಮ ಕೆಲವು ಕಚೇರಿಗಳಲ್ಲಿ ಇನ್ನೂ ಸಿಕ್ಕಿಲ್ಲ, ಅಲ್ಲಿ ಪಂಖದ ಗಾಳಿಗೆ ಹಾರುವ ಕಾಗದದ ಮೇಲೆ ಕಲ್ಲು ಇಟ್ಟಿರುತ್ತಾರೆ.

ಮತ್ತೆ ಕಂಪ್ರೆಸರಿಗೆ ಬರೋಣ. ಅದು ಸುಸ್ತಾಗಿದೆ ಎಂಬುದಕ್ಕೆ ನಮ್ಮ ಮನೆಯಲ್ಲಿ ಮೊದಲ ಸಾಕ್ಷಿ ಅವ್ವನ ಕೌದಿ. ಹಳೆ ಸೀರೆಗಳನ್ನು ಕೂಡಿಸಿ ಅವ್ವನೇ ಹೊಲಿದ ಆ ಕೌದಿ ಚಳಿಗಾಲಕ್ಕಿಂತ ಬೇಸಿಗೆಯಲ್ಲೇ ಹೆಚ್ಚು ಬಳಕೆಯಾಗುತ್ತದೆ. ಎಸಿ ಹಚ್ಚಿ ಇಪ್ಪತ್ತು ನಿಮಿಷವಾಗುತ್ತಲೇ ಅವ್ವ, “ಅದೇನ್ ಥಂಡಿನೋ ಏನೋ, ಎಲುಬಿಗೆ ಹೊಕ್ಕದ” ಎಂದು ಬಯ್ಯುತ್ತ ಕೌದಿಯನ್ನು ಗದ್ದದವರೆಗೆ ಎಳೆದುಕೊಳ್ಳುತ್ತಾಳೆ. ಒಂದು ಬೇಸಿಗೆ ಆ ಬೈಗುಳ ಅರ್ಧ ತಾಸಿಗೆ ಹೋಯಿತು, ಆಮೇಲೆ ಮುಕ್ಕಾಲು ತಾಸಿಗೆ, ಆಮೇಲೆ ಕೌದಿ ಕಾಲ ಬಳಿಯೇ ಮಡಚಿದ್ದು ಮಡಚಿದ ಹಾಗೇ ಉಳಿಯತೊಡಗಿತು. ಅವ್ವ ಬಯ್ಯದಿದ್ದರೆ ಯಂತ್ರಕ್ಕೆ ಏನೋ ಆಗಿದೆ ಎಂದು ನನ್ನ ಹೆಂಡತಿ ಗುರುತಿಸಿದಳು. ಕೌದಿ ಇಲ್ಲದವರು ಥರ್ಮಾಮೀಟರ್ ಬಳಸಬಹುದು. ಎಸಿ ಒಳಗೆ ಎಳೆದುಕೊಳ್ಳುವ ಗಾಳಿಗೂ ಬಿಡುವ ಗಾಳಿಗೂ ಎಂಟರಿಂದ ಹನ್ನೆರಡು ಡಿಗ್ರಿ ಅಂತರವಿದ್ದರೆ ಯಂತ್ರ ಕೆಲಸ ಮಾಡುತ್ತಿದೆ. ಅಂತರ ಮೂರು ನಾಲ್ಕಕ್ಕೆ ಇಳಿದಿದ್ದರೆ ಎಲ್ಲೋ ತೊಂದರೆಯಿದೆ.

ಆದರೆ ಈ ಪರೀಕ್ಷೆಯನ್ನು ಮೇ ತಿಂಗಳ ಮಧ್ಯಾಹ್ನ ಮೂರಕ್ಕೆ ಮಾಡಬಾರದು. ಡಬ್ಬಿಯ ಮೇಲೆ ಬರೆದ ಟನ್ನು ಹೊರಗೆ 35 ಡಿಗ್ರಿ ಇದ್ದಾಗಿನ ಮಾತು. ಪ್ರಯೋಗಶಾಲೆಯಲ್ಲಿ ಅಳೆಯುವುದೇ ಆ ಬಿಸಿಯಲ್ಲಿ. ನಮ್ಮಲ್ಲಿ ಮೇ ತಿಂಗಳ ಬೆಳಗ್ಗೆ ಹತ್ತಕ್ಕೇ 35 ದಾಟಿರುತ್ತದೆ. 43ರಲ್ಲಿ ಒಂದೂವರೆ ಟನ್ನಿನದು ಒಂದೂವರೆ ಟನ್ ಎಳೆಯುವುದಿಲ್ಲ, ಅದು ಅದರ ತಪ್ಪೂ ಅಲ್ಲ. ಮೇಲಿನಿಂದ ಕಾದ ಸ್ಲ್ಯಾಬು ಬೇರೆ ಒಲೆಯಾಗಿರುತ್ತದೆ. ಈ ಊರಿನಲ್ಲಿ ಎಷ್ಟೋ ನಿರಪರಾಧಿ ಕಂಪ್ರೆಸರುಗಳಿಗೆ ಮರಣದಂಡನೆಯಾಗಿರುವುದು ಮಧ್ಯಾಹ್ನದ ವಿಚಾರಣೆಯಲ್ಲಿ. ರಾತ್ರಿ ಹತ್ತರ ನಂತರ ಇಲ್ಲವೇ ನಸುಕಿನಲ್ಲಿ ನೋಡಿ. ಆಗಲೂ ಕೋಣೆ ತಂಪಾಗದಿದ್ದರೆ ಅನುಮಾನಕ್ಕೆ ಅರ್ಥವಿದೆ.

ಎರಡನೆಯದು ದಪ್ಪ ಪೈಪು. ಹೊರಗಿನ ಡಬ್ಬಿಗೆ ಎರಡು ತಾಮ್ರದ ಪೈಪು ಬಂದು ಸೇರುತ್ತವೆ, ಒಂದು ಸಣ್ಣದು, ಒಂದು ದಪ್ಪ. ಎಸಿ ಹಚ್ಚಿ ಹದಿನೈದು ನಿಮಿಷದ ಮೇಲೆ ದಪ್ಪ ಪೈಪಿನ ಜೋಡಣೆಯನ್ನು ಮುಟ್ಟಿದರೆ ಅದು ತಣ್ಣಗಿದ್ದು, ಮಂಗಳೂರಿನ ಕಡೆಯಾದರೆ ನೀರು ತೊಟ್ಟಿಕ್ಕಿಸುವಷ್ಟು ಬೆವರಿರಬೇಕು. ನಮ್ಮ ಒಣಹವೆಯಲ್ಲಿ ಬೆವರು ಕಡಿಮೆ, ತಂಪು ಇರಲೇಬೇಕು. ಎರಡೂ ಪೈಪು ಬೆಚ್ಚಗೆ ಒಂದೇ ಸಮ ಇದ್ದರೆ ಕಂಪ್ರೆಸರ್ ಶುರುವಾಗಿಯೇ ಇಲ್ಲ, ಇಲ್ಲವೇ ಶುರುವಾಗಿಯೂ ಹಿಂಡುತ್ತಿಲ್ಲ. ಈ ಕೊನೆಯ ಜಾತಿ ಅಪಾಯದ್ದು. ಸದ್ದು ಸರಿಯಾಗಿ ಬರುತ್ತದೆ, ಪಂಖ ತಿರುಗುತ್ತದೆ, ಮೀಟರ್ ಓಡುತ್ತದೆ, ಒಳಗೆ ಸವೆದುಹೋದ್ದರಿಂದ ಒತ್ತಡ ಮಾತ್ರ ಏರುವುದಿಲ್ಲ. ಹಾಜರಿ ಪುಸ್ತಕದಲ್ಲಿ ದಿನವೂ ಸಹಿ ಹಾಕಿ ಸಂಬಳ ತಗೊಂಡು ಕಡತ ಮುಟ್ಟದವರನ್ನು ನಾನು ಕಂಡಿರುವುದರಿಂದ ನನಗೆ ಇದನ್ನು ಅರ್ಥ ಮಾಡಿಕೊಳ್ಳಲು ಕಷ್ಟವಾಗಲಿಲ್ಲ.

ಪೈಪಿನ ಮೇಲೆ ಬಿಳಿ ಮಂಜು ಕಟ್ಟಿದರೆ ಮನೆಯವರಿಗೆಲ್ಲ ಸಂತೋಷ, ಎಷ್ಟು ತಂಪು ಮಾಡುತ್ತಿದೆ ನೋಡಿ ಎಂದು. ಅದು ಗ್ಯಾಸು ಕಡಿಮೆಯಾದ್ದಕ್ಕೋ ಒಳಗಿನ ಜಾಳಿಗೆ ಧೂಳು ಕಟ್ಟಿದ್ದಕ್ಕೋ ಲಕ್ಷಣವೇ ಹೊರತು ಆರೋಗ್ಯದ್ದಲ್ಲ. ಜೋಡಣೆಯ ನಟ್ಟಿನ ಸುತ್ತ ಜಿಡ್ಡಿಗೆ ಧೂಳು ಅಂಟಿ ಕಪ್ಪಾಗಿದ್ದರೆ ಅಲ್ಲಿಂದ ಗ್ಯಾಸು ಸೋರುತ್ತಿದೆ. ಗ್ಯಾಸಿನ ಜೊತೆ ಸ್ವಲ್ಪ ಸ್ವಲ್ಪವೇ ಕಂಪ್ರೆಸರಿನ ಎಣ್ಣೆಯೂ ಹೊರಬರುತ್ತದೆ.

ಇಲ್ಲಿ ನಮ್ಮ ಪಕ್ಕದ ಮನೆಯ ಕಾಕಾರ ಮಾತು ಬರಲೇಬೇಕು. ಅವರ ಮನೆಯಲ್ಲಿ ಯುಗಾದಿಗೆ ಬೇವು ಬೆಲ್ಲ, ಯುಗಾದಿಯ ಮರುವಾರ ಎಸಿಗೆ ಗ್ಯಾಸು. ಪ್ರತಿ ವರ್ಷ ಒಬ್ಬ ಹುಡುಗ ಸಿಲಿಂಡರ್ ಹೊತ್ತು ಬರುತ್ತಾನೆ, ಗೇಜು ಹಚ್ಚುತ್ತಾನೆ, ತುಂಬುತ್ತಾನೆ, ರೊಕ್ಕ ತಗೊಂಡು ಹೋಗುತ್ತಾನೆ. “ವರ್ಷ ಪೂರ್ತಿ ನಡಸೇವಿ ಅಂದ ಮ್ಯಾಲ ಗ್ಯಾಸ್ ಖರ್ಚ್ ಆಗದಾ?” ಎಂಬುದು ಕಾಕಾರ ವಾದ. ಎಸಿಯ ಗ್ಯಾಸು ಖರ್ಚಾಗುವ ವಸ್ತುವೇ ಅಲ್ಲ. ಬಿಗಿಯಾಗಿ ಮುಚ್ಚಿದ ಪೈಪಿನೊಳಗೆ ಅದೇ ಗ್ಯಾಸು ಸುತ್ತುತ್ತ ಇರುತ್ತದೆ. ಹತ್ತು ವರ್ಷವಾದರೂ ಒಂದು ತೊಲೆ ಕಡಿಮೆಯಾಗಬೇಕಿಲ್ಲ. ಕಡಿಮೆಯಾಗಿದ್ದರೆ ತೂತಿದೆ. ತೂತು ಮುಚ್ಚದೆ ತುಂಬಿದ್ದು ಮುಂದಿನ ಯುಗಾದಿಗೆ ಮತ್ತೆ ಸೋರಿರುತ್ತದೆ. ಇದು ಬರೇ ರೊಕ್ಕದ ಮಾತಾಗಿದ್ದರೆ ನಾನು ಕಾಕಾರ ಹಬ್ಬಕ್ಕೆ ಅಡ್ಡ ಬರುತ್ತಿರಲಿಲ್ಲ. ಮರಳಿ ಬರುವ ತಣ್ಣನೆಯ ಗ್ಯಾಸೇ ಕಂಪ್ರೆಸರಿನ ಮೋಟಾರಿಗೆ ತಂಪು ಕೊಡಬೇಕು, ಎಣ್ಣೆಯನ್ನು ಹೊತ್ತು ತಿರುಗಿಸಬೇಕು. ಗ್ಯಾಸು ಕಡಿಮೆಯಿದ್ದಷ್ಟು ದಿನ ಕಂಪ್ರೆಸರ್ ಒಳಗೊಳಗೇ ಕಾಯುತ್ತಿರುತ್ತದೆ. ಕಾಕಾ ಪ್ರತಿ ವರ್ಷ ಖರೀದಿಸುವುದು ಆ ಬೇಸಿಗೆಯ ತಂಪನ್ನಲ್ಲ, ಮುಂದೊಂದು ಬೇಸಿಗೆಯ ದೊಡ್ಡ ಬಿಲ್ಲನ್ನು. ಇದನ್ನು ನಾನು ಅವರಿಗೆ ಹೇಳಿದ್ದೇನೆ. ಅವರು, “ನೀವು ಸಾಹಿತ್ಯದ ಮಾಸ್ತರ್ರು, ನಿಮಗೇನು ತಿಳೀತದ್ರಿ” ಎಂದು ನಕ್ಕರು.

ಕೌದಿ ಕೊಟ್ಟ ಎಚ್ಚರಿಕೆಯ ಮೇಲೆ ನಮ್ಮ ಮನೆಗೆ ಮೊದಲು ಬಂದವನು ಒಬ್ಬ ಚುರುಕು ಹುಡುಗ. ಬಂದವನೇ ಮಾಳಿಗೆ ಏರಿ, ಎಸಿ ಹಚ್ಚಿಸಿ, ನಮ್ಮದೂ ಗುಂಯ್ ಎಂದು ಟಕ್ ಎಂದದ್ದನ್ನು ಒಂದೇ ಸಲ ಕೇಳಿ, ಸ್ಕ್ರೂಡ್ರೈವರನ್ನು ಕಿಸೆಯಿಂದ ತೆಗೆಯದೆ, “ಕಂಪ್ರೆಸರ್ ಹೋಗ್ಯದ್ರಿ ಸರ” ಎಂದ. ಹೊಸದಕ್ಕೆ ಎಷ್ಟು, ಗ್ಯಾಸಿಗೆ ಎಷ್ಟು, ಬೆಸುಗೆಗೆ ಎಷ್ಟು ಎಂಬುದು ಅವನ ನಾಲಿಗೆಯ ತುದಿಯಲ್ಲಿತ್ತು. ನನ್ನ ಹೆಂಡತಿ, “ನಾಳೆ ಹೇಳ್ತೀವಪ್ಪ” ಎಂದು ಚಹಾ ಕೊಟ್ಟು ಕಳಿಸಿದಳು. ಮರುದಿನ ಸಂಜೆ ಸ್ಟೇಷನ್ ಕಡೆಯ ಉಸ್ತಾದರನ್ನು ಕರೆಸಿದೆವು. ಫ್ರಿಜ್ಜು, ಎಸಿ, ದವಾಖಾನೆಯ ಕೂಲಿಂಗ್ ಪೆಟ್ಟಿಗೆ ಎಲ್ಲವನ್ನೂ ಬಿಚ್ಚಿ ಕಟ್ಟಿದ ಹಿರಿಯರು. ಹಿಂದೆ ಚೀಲ ಹೊತ್ತ ಶಾಗಿರ್ದ.

ಉಸ್ತಾದ ಮೊದಲು ಏನೂ ಬಿಚ್ಚಲಿಲ್ಲ. ದಪ್ಪ ಪೈಪಿನ ಮೇಲೆ ಅಂಗೈ ಇಟ್ಟರು. ಆಮೇಲೆ ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಡಬ್ಬಿಯ ಮೈಗೆ ಒತ್ತಿ, ಹಿಡಿಕೆಯನ್ನು ಕಿವಿಗೆ ಹಚ್ಚಿ, ಕಣ್ಣು ಮುಚ್ಚಿ ನಿಂತರು. ಗುಂಯ್. ಟಕ್. “ಹೂಂ” ಎಂದರು. ಮೇನ್ ಸ್ವಿಚ್ ತೆಗೆಸಿ, ಪಕ್ಕದ ತಗಡಿನ ಮುಚ್ಚಳ ಬಿಚ್ಚಿದರು. ಒಳಗೆ ಕಂಪ್ರೆಸರ್, ಕರಿಯ ಬಣ್ಣ ಬಳಿದ ಗಟ್ಟಿ ಉಕ್ಕಿನ ಗಡಿಗೆ, ಸುತ್ತ ಬೆಸುಗೆ ಹಾಕಿದ್ದು, ಒಳಗೇನಿದೆಯೆಂದು ಯಾರಿಗೂ ಕಾಣದ್ದು. ಅದರ ಮೇಲ್ಬದಿಯಲ್ಲಿ ಅಲ್ಯೂಮಿನಿಯಮ್ಮಿನ ಒಂದು ಸಣ್ಣ ಡಬ್ಬಿಯನ್ನು ಪಟ್ಟಿ ಹಾಕಿ ಕೂಡಿಸಿತ್ತು. ಅದರ ತಲೆ ಹಂಚಿನ ಮೇಲಿನ ಜೋಳದ ರೊಟ್ಟಿಯ ಹಾಗೆ ಉಬ್ಬಿತ್ತು.

“ನೋಡ್ರಿ ಸರ, ಇದು ಕೆಪಾಸಿಟರ್. ಕಂಪ್ರೆಸರಿಗೆ ಧಕ್ಕಾ ಕೊಟ್ಟು ಎಬ್ಬಸೋದು ಇದೇ. ಇದಕ್ಕೇ ತಾಕತ್ತಿಲ್ಲ ಅಂದ ಮ್ಯಾಲ ಅದು ಹ್ಯಾಂಗ ಏಳ್ತದ?”

“ಮತ್ತ ನಿನ್ನಿ ಹುಡುಗ ಕಂಪ್ರೆಸರ್ ಹೋಗ್ಯದ ಅಂದನಲ್ರಿ?”

“ಅಂವ ಹುಡುಗ್ರಿ. ಸಿಟ್ಟಾಗಬ್ಯಾಡ್ರಿ. ಅವನಿಗೂ ಮನಿ ಅದ.”

ಕೆಪಾಸಿಟರನ್ನು ಅವರು ಬರಿಗೈಯಿಂದ ಮುಟ್ಟಲಿಲ್ಲ. ಕರೆಂಟ್ ತೆಗೆದ ಮೇಲೂ ಅದರೊಳಗೆ ಶಾಕ್ ಉಳಿದಿರುತ್ತದೆ. ಅದನ್ನು ಮೊದಲು ಇಳಿಸಿ, ಆಮೇಲೆ ಮೀಟರ್ ಹಚ್ಚಿದರು. ಮೈಮೇಲೆ 45 ಮೈಕ್ರೋಫ್ಯಾರಡ್ ಎಂದು ಬರೆದುಕೊಂಡಿದ್ದು ಮೀಟರಿನಲ್ಲಿ ಅರ್ಧವೂ ತೋರಿಸಲಿಲ್ಲ. ಕಂಪ್ರೆಸರ್ ಏಳುವಾಗ ನಡೆಯುವಾಗಿನ ನಾಲ್ಕೈದು ಪಟ್ಟು ಕರೆಂಟ್ ಎಳೆಯುತ್ತದೆ. ಎದ್ದುಬಿಟ್ಟರೆ ಸರಿ. ಏಳಲಾಗದೆ ಅಲ್ಲೇ ನಿಂತು ಅಷ್ಟೇ ಕರೆಂಟ್ ಎಳೆಯುತ್ತ ಹೋದರೆ ಸುಟ್ಟುಹೋಗುತ್ತದೆ. ಹಾಗಾಗದಿರಲೆಂದು ಒಳಗೆ ಓವರ್‌ಲೋಡ್ ಎಂಬ ಕಾವಲುಗಾರನಿದ್ದಾನೆ. ಕಾದ ಕೂಡಲೇ ಟಕ್ಕೆಂದು ಸಂಪರ್ಕ ಕಡಿದು, ತಣಿದ ಮೇಲೆ ಮತ್ತೊಮ್ಮೆ ಕೊಟ್ಟು ನೋಡುತ್ತಾನೆ. ಗುಂಯ್ ಮತ್ತು ಟಕ್ಕಿನ ನಡುವಿನ ಕತೆಯೆಲ್ಲ ಇಷ್ಟೇ. ಮನೆಯ ದೀಪಗಳು ಅದೇ ಹೊತ್ತಿಗೆ ಮಂಕಾಗುವುದಕ್ಕೂ ಇದೇ ಕಾರಣ. ಈ ಗುಂಯ್-ಟಕ್ಕನ್ನು ವಾರಗಟ್ಟಲೆ ಹಾಗೇ ಬಿಟ್ಟರೆ ಮಾತ್ರ, ಕೆಲವೇ ನೂರು ರೂಪಾಯಿಯ ಡಬ್ಬಿಯ ತಪ್ಪಿಗೆ ಸಾವಿರಾರು ರೂಪಾಯಿಯ ಕಂಪ್ರೆಸರ್ ನಿಜಕ್ಕೂ ಸಾಯುತ್ತದೆ. ಹುಡುಗ ಹೇಳಿದ್ದು ಸುಳ್ಳಲ್ಲ, ಸ್ವಲ್ಪ ಮುಂಚೆಯೇ ಹೇಳಿದ ಅಷ್ಟೆ.

ಉಸ್ತಾದ ಅಷ್ಟಕ್ಕೇ ನಿಲ್ಲಿಸಲಿಲ್ಲ. ಕಂಪ್ರೆಸರಿನ ತಲೆಯ ಮೇಲಿನ ಮೂರು ಕಡ್ಡಿಗಳ ತಂತಿ ಬಿಚ್ಚಿ ಎರಡೆರಡರ ನಡುವೆ ಓಮ್ ಅಳೆದರು. ಹಳೆಯ ಮಾದರಿಯ ಕಂಪ್ರೆಸರಿನಲ್ಲಿ ಮೂರು ಅಳತೆಗಳ ಪೈಕಿ ಸಣ್ಣವೆರಡನ್ನು ಕೂಡಿಸಿದರೆ ದೊಡ್ಡದು ಬರಬೇಕು. ಇನ್ವರ್ಟರಿನದಾದರೆ ಮೂರೂ ಒಂದೇ ಇರಬೇಕು. ಲೆಕ್ಕ ಕೂಡಿತು. ಆಮೇಲೆ ಒಂದು ಕಡ್ಡಿಗೂ ಡಬ್ಬಿಯ ಮೈಗೂ ನಡುವೆ ಅಳೆದರು. ಅಲ್ಲಿ ಸಂಪರ್ಕವೇ ಇರಬಾರದು. ಇದ್ದರೆ ಒಳಗಿನ ಸುರುಳಿ ಸುಟ್ಟು ಮೈಗೆ ತಗುಲಿದೆ ಎಂದರ್ಥ. ಅಂಥ ಮನೆಯಲ್ಲಿ ಕಂಪ್ರೆಸರ್ ಶುರುವಾಗುವ ಕ್ಷಣಕ್ಕೇ ಎಂಸಿಬಿ ಬೀಳುತ್ತದೆ, ಎತ್ತಿದರೆ ಮತ್ತೆ ಬೀಳುತ್ತದೆ. ಅದನ್ನು ಮತ್ತೆ ಮತ್ತೆ ಎತ್ತುವ ಗಂಡಸರು ನಮ್ಮ ಓಣಿಯಲ್ಲಿ ಬಹಳ ಮಂದಿ ಇದ್ದಾರೆ. ಅದು ಬೀಳುವುದು ಮನೆ ಸುಡದಿರಲಿ ಎಂದು. ನಮ್ಮದರಲ್ಲಿ ಅಂಥದ್ದೇನೂ ಇರಲಿಲ್ಲ. ಶಾಗಿರ್ದ ಸ್ಕೂಟರಿನಲ್ಲಿ ಹೋಗಿ ಹೊಸ ಕೆಪಾಸಿಟರ್ ತಂದ. ಕೂಡಿಸಿ ಸ್ವಿಚ್ ಹಾಕಿದರೆ ಗುಂಯ್ ಇಲ್ಲದೆ ಎದ್ದಿತು. ಆ ರಾತ್ರಿ ಅವ್ವ ಬಯ್ದಳು.

ಹೊರಡುವ ಮುಂಚೆ ಉಸ್ತಾದ ಹೊರಗಿನ ಡಬ್ಬಿಯ ಬೆನ್ನು ತೋರಿಸಿದರು. ಅಲ್ಯೂಮಿನಿಯಂ ಜಾಳಿಯ ತುಂಬ ಬೂದಿಬಣ್ಣದ ಮೆತ್ತನೆಯ ಪದರ. ನಮ್ಮೂರು ತೊಗರಿಯ ಕಣಜ; ದಾಲ್ ಮಿಲ್ಲುಗಳ ಹೊಟ್ಟಿನ ಧೂಳು ಗಾಳಿಯಲ್ಲಿ ತೇಲಿ ಬಂದು ಸೇರಬಾರದ ಜಾಗಗಳಿಗೆಲ್ಲ ಸೇರುತ್ತದೆ. ಜಾಳಿ ಮುಚ್ಚಿದರೆ ಶಾಖ ಹೊರಹೋಗುವುದಿಲ್ಲ, ಕಂಪ್ರೆಸರ್ ಇನ್ನಷ್ಟು ಒತ್ತಬೇಕು, ಇನ್ನಷ್ಟು ಕಾಯಬೇಕು, ಬಿಲ್ಲು ಏರಬೇಕು. ನೀರಿನ ಪೈಪಿನಿಂದ ಮೆಲ್ಲಗೆ ತೊಳೆದರೆ ಹೋಗುವ ಧೂಳು. ಅದನ್ನು ತೊಳೆಯದವರು ಮಾಡುವ ಬೇರೆ ಕೆಲಸಗಳು ಇನ್ನೂ ಸ್ವಾರಸ್ಯ. ಕಳ್ಳರ ಹೆದರಿಕೆಗೆ ಡಬ್ಬಿಯ ಸುತ್ತ ತಗಡಿನ ಪೆಟ್ಟಿಗೆ ಮಾಡಿಸುತ್ತಾರೆ. ಕಳ್ಳನೂ ಒಳಬರುವುದಿಲ್ಲ, ಗಾಳಿಯೂ ಬರುವುದಿಲ್ಲ. ಮುಂದೆ ಬಟ್ಟೆ ಒಣಹಾಕುತ್ತಾರೆ, ಬಿಸಿಗಾಳಿಗೆ ಬೇಗ ಒಣಗುತ್ತದಂತೆ. ಸಂದಿನಲ್ಲಿ ಪಾರಿವಾಳ ಗೂಡು ಕಟ್ಟಿದರೆ ಮರಿ ಹಾರುವವರೆಗೆ ಯಾರೂ ಮುಟ್ಟುವುದಿಲ್ಲ; ಇದೊಂದಕ್ಕೆ ನನ್ನ ಆಕ್ಷೇಪವಿಲ್ಲ.

ಕಂಪ್ರೆಸರಿನ ಇನ್ನೊಬ್ಬ ಶತ್ರು ರಿಮೋಟ್. ನನ್ನ ಮಗ ಬಿಸಿಲಿನಿಂದ ಬಂದವನೇ 16ಕ್ಕೆ ಇಳಿಸುತ್ತಾನೆ. ಹಳೆಯ ಮಾದರಿಯ ಎಸಿಗೆ 16 ಹೇಳಿದರೂ 24 ಹೇಳಿದರೂ ತಂಪಾಗುವ ವೇಗ ಒಂದೇ. 16 ಎಂದರೆ ಎಲ್ಲಿಯೂ ನಿಲ್ಲಬೇಡ ಎಂದು ಹೇಳಿದಂತೆ, ಅಷ್ಟೆ. ಮೇ ತಿಂಗಳಲ್ಲಿ ನಮ್ಮ ಕೋಣೆ 16ಕ್ಕೆ ಇಳಿಯುವುದು ಈ ಜನ್ಮದಲ್ಲಿಲ್ಲ, ಆದ್ದರಿಂದ ಕಂಪ್ರೆಸರಿಗೆ ರಾತ್ರಿಯಿಡೀ ವಿಶ್ರಾಂತಿಯಿಲ್ಲ. 2020ರಿಂದ ಸ್ಟಾರ್ ಗುರುತಿನ ಎಸಿಗಳೆಲ್ಲ ಹಚ್ಚಿದ ಕೂಡಲೇ 24 ತೋರಿಸಬೇಕೆಂದು ಸರ್ಕಾರ ನಿಯಮ ಮಾಡಿದೆ. ತೋರಿಸುತ್ತವೆ, ಮಗ ಎಂಟು ಸಲ ಒತ್ತುತ್ತಾನೆ. ಇನ್ನು ಆರಿಸಿ ತಕ್ಷಣ ಹಚ್ಚುವ ಚಟ. ನಿಂತ ಮೇಲೆ ಪೈಪಿನ ಎರಡು ಬದಿಯ ಒತ್ತಡ ಸಮವಾಗಲು ಮೂರು ನಿಮಿಷ ಬೇಕು. ಅದರೊಳಗೆ ಎಬ್ಬಿಸಿದರೆ ಎದೆಗೆ ಒತ್ತಡ ಕಟ್ಟಿಕೊಂಡೇ ಏಳಬೇಕು. ಹೊಸ ಎಸಿಗಳು ತಾವೇ ಮೂರು ನಿಮಿಷ ಕಾಯುತ್ತವೆ, ಹಳೆಯವಕ್ಕೆ ಆ ತಿಳಿವಳಿಕೆ ನಾವೇ ಆಗಬೇಕು. ಕರೆಂಟ್ ಹೋಗಿ ಬಂದು, ಹೋಗಿ ಬಂದು ಮಾಡುವ ಸಂಜೆಗಳಲ್ಲಿ ಸ್ಟೆಬಿಲೈಜರ್ ಈ ಕಾಯುವ ಕೆಲಸ ಮಾಡುತ್ತದೆ. ವೋಲ್ಟೇಜ್ ತೀರಾ ಬಿದ್ದಾಗಲೂ ಅದು ಅಡ್ಡ ನಿಲ್ಲುತ್ತದೆ. ವೋಲ್ಟೇಜ್ ಕುಗ್ಗುವ ಊರಿನಲ್ಲಿ ಸ್ಟೆಬಿಲೈಜರಿನ ರೊಕ್ಕ ಉಳಿಸಿ ಕಂಪ್ರೆಸರ್ ಕಳೆದುಕೊಳ್ಳುವುದು ಜಾಣತನವಲ್ಲ.

ಕೆಲವು ಕಂಪ್ರೆಸರುಗಳ ಆಯುಷ್ಯ ಕೂಡಿಸಿದ ದಿನವೇ ಕಡಿಮೆಯಾಗಿರುತ್ತದೆ. ಪೈಪು ಜೋಡಿಸಿದ ಮೇಲೆ ಅದರೊಳಗಿನ ಗಾಳಿ, ಪಸೆ ಎಲ್ಲವನ್ನೂ ವ್ಯಾಕ್ಯೂಮ್ ಪಂಪಿನಿಂದ ಎಳೆದು ತೆಗೆಯಬೇಕು. ಅವಸರದ ಕೈಗಳು ಸ್ವಲ್ಪ ಗ್ಯಾಸು ಬಿಟ್ಟು ಅದರಿಂದಲೇ ಗಾಳಿ ತಳ್ಳಿ ಮುಗಿಸುತ್ತವೆ. ಉಳಿದ ಪಸೆ ಎಣ್ಣೆಯ ಜೊತೆ ಸೇರಿ ಆಮ್ಲವಾಗಿ ವರ್ಷಗಟ್ಟಲೆ ಸುರುಳಿಯನ್ನು ತಿನ್ನುತ್ತದೆ. ಅಂಥ ಕಂಪ್ರೆಸರ್ ಸತ್ತಾಗ ಬಿಚ್ಚಿದರೆ ಸುಟ್ಟ ಹುಳಿವಾಸನೆ ಬರುತ್ತದೆ, ಎಣ್ಣೆ ಕಪ್ಪಾಗಿರುತ್ತದೆ. ಮಂಗಳೂರಿನಲ್ಲಿರುವ ನಮ್ಮ ಬೀಗರ ಕಷ್ಟ ಬೇರೆ ಥರದ್ದು. ಅಲ್ಲಿ ಸಮುದ್ರದ ಉಪ್ಪುಗಾಳಿಗೆ ಹೊರಗಿನ ಜಾಳಿಯೇ ಪುಡಿಯಾಗಿ ಉದುರುತ್ತದೆ, ಕಂಪ್ರೆಸರಿಗೆ ಕೆಡುವ ಸರದಿಯೇ ಬರುವುದಿಲ್ಲ.

ಇನ್ವರ್ಟರ್ ಎಸಿಯವರು ಇಷ್ಟೆಲ್ಲ ಓದಿ ನಮಗೆ ಈ ರಗಳೆಯಿಲ್ಲ ಎಂದುಕೊಂಡಿರಬಹುದು. ಅವರ ಕಂಪ್ರೆಸರಿಗೆ ಧಕ್ಕಾ ಕೊಡುವ ಕೆಪಾಸಿಟರ್ ಇಲ್ಲ, ನಿಜ. ಮೆಲ್ಲಗೆ ಎದ್ದು ಮೆಲ್ಲಗೆ ಓಡುತ್ತದೆ. ಆದರೆ ಅದನ್ನು ಓಡಿಸಲು ಹೊರಗಿನ ಡಬ್ಬಿಯಲ್ಲಿ ಪಿಸಿಬಿ ಎಂಬ ಸರ್ಕ್ಯೂಟ್ ಹಲಗೆಯೊಂದಿದೆ, ಅದು ಬೆಚ್ಚಗಿರುತ್ತದೆ, ಬೆಚ್ಚಗಿರುವಲ್ಲಿಗೆ ಹಲ್ಲಿ ಬರುತ್ತದೆ. ಹಲ್ಲಿ ತಲೆಯ ಮೇಲೆ ಬಿದ್ದರೆ ಏನು ಫಲ, ಭುಜದ ಮೇಲೆ ಬಿದ್ದರೆ ಏನು ಫಲ ಎಂದು ಪಂಚಾಂಗದಲ್ಲಿ ಪಟ್ಟಿಯೇ ಇದೆ. ಪಿಸಿಬಿಯ ಮೇಲೆ ಬಿದ್ದರೆ ಏನೆಂದು ಇನ್ನೂ ಸೇರಿಸಿಲ್ಲ. ಸೇರಿಸುವವರು ಧನನಾಶ ಎಂದು ಬರೆಯಬಹುದು. ಆಗಲೂ ಪರದೆಯ ಮೇಲೆ ಏನೋ ಒಂದು ಅಕ್ಷರ, ಅಂಕಿ ಮಿನುಗುತ್ತದೆ, ಮತ್ತು ಬಂದವನು ಹೇಳುವುದು ಅದೇ: “ಕಂಪ್ರೆಸರ್ ಹೋಗ್ಯದ್ರಿ.”

ನಿಜವಾಗಿ ಹೋದಾಗ ಏನು ಮಾಡಬೇಕು? ಹಳೆಯ ಆರ್-22 ಗ್ಯಾಸಿನ ಯಂತ್ರವಾದರೆ ಅದಕ್ಕೆ ಹೊಸ ಕಂಪ್ರೆಸರ್ ಕೂಡಿಸುವುದರಲ್ಲಿ ಅರ್ಥವಿಲ್ಲ ಎಂಬುದು ನನ್ನ ತೀರ್ಪು. ಓಝೋನ್ ಪದರಕ್ಕೆ ಮಾರಕವೆಂದು 2030ರ ಹೊತ್ತಿಗೆ ಕೈಬಿಡಬೇಕಾದ ಗ್ಯಾಸು ಅದು. ಗಂಡ ಹೋದ ಮನೆಗೆ ಕರಿಮಣಿ ತರುವ ಕೆಲಸ ಬೇಡ. ಯಂತ್ರ ಏಳೆಂಟು ವರ್ಷದೊಳಗಿನದಾಗಿ ಸುರುಳಿಗಳು ಗಟ್ಟಿಯಿದ್ದರೆ ಬದಲಿಸಬಹುದು. ಅದಕ್ಕೂ ಮೊದಲು ಕಪಾಟಿನಲ್ಲಿ ವಾರಂಟಿ ಕಾರ್ಡು ಹುಡುಕಿ. ಅನೇಕ ಕಂಪನಿಗಳು ಕಂಪ್ರೆಸರಿಗೆ ಹತ್ತು ವರ್ಷದ ವಾರಂಟಿ ಕೊಟ್ಟಿರುತ್ತವೆ. ಗ್ಯಾಸು, ಕೂಲಿ, ಸಾಗಣೆ ಸಾಮಾನ್ಯವಾಗಿ ಅದರಲ್ಲಿ ಬರುವುದಿಲ್ಲ, ಸಣ್ಣಕ್ಷರದಲ್ಲಿ ಹಾಗೆಂದು ಬರೆದಿರುತ್ತದೆ. ಈಗಿನ ಆರ್-32 ಗ್ಯಾಸಿಗೆ ಬೆಂಕಿ ಹತ್ತುವ ಸ್ವಭಾವ ಸ್ವಲ್ಪ ಇರುವುದರಿಂದ, ಬೆಸುಗೆ ಹಚ್ಚುವವನು ಮೊದಲು ಗ್ಯಾಸನ್ನು ಸರಿಯಾಗಿ ತೆಗೆದು, ಕಿಟಕಿ ಬಾಗಿಲು ತೆರೆಸಿ ಕೆಲಸ ಮಾಡುವವನಾಗಿರಬೇಕು.

ಮೂಲೆಮನೆಯ ಹೆಡ್‌ಮಾಸ್ತರರಿಗೆ ಉಸ್ತಾದರ ನಂಬರ್ ಕೊಟ್ಟಿದ್ದೇನೆ. ನಿಮ್ಮ ಮನೆಯ ಗೋಡೆಯೂ ಗುಂಯ್-ಟಕ್ ಅನ್ನುತ್ತಿದ್ದರೆ ಎಸಿ ಆರಿಸಿ ಇಡಿ, ಬಂದವರಿಗೆ ಮೊದಲು ಕೆಪಾಸಿಟರ್ ಅಳೆದು ತೋರಿಸಲು ಹೇಳಿ. ತೋರಿಸಿಯೂ ಕಂಪ್ರೆಸರೇ ಹೋಗಿದ್ದರೆ, ರೊಕ್ಕ ಕೊಟ್ಟು ಹೊಸದು ಕೂಡಿಸಿಕೊಂಡ ಮೇಲೆ ಹಳೆಯದನ್ನು ಸುಮ್ಮನೆ ಮೆಕ್ಯಾನಿಕ್ಕಿನ ಗಾಡಿಗೆ ಏರಿಸಿ ಕಳಿಸಬೇಡಿ. ಅದರಲ್ಲಿ ಉಕ್ಕಿದೆ, ಸಾಮಾನ್ಯವಾಗಿ ತಾಮ್ರವೂ ಇರುತ್ತದೆ. ತೂಕ ಮಾಡಿಸಿ, ಗುಜರಿಯ ಅವತ್ತಿನ ದರ ಕೇಳಿ, ಅಷ್ಟನ್ನು ಬಿಲ್ಲಿನಲ್ಲಿ ಮುರಿಸಿಕೊಳ್ಳಿ.